ಕಾರಣ: ಅರಿವಿನ ಕೊರತೆ

ಪ್ರತಿ ವರ್ಷ ನನ್ನ ಟೇಬಲ್ ಮೇಲೆ ಐವತ್ತು ಅರವತ್ತು ರಿಪೋರ್ಟ್ ಬಂದು ಬೀಳುತ್ತವೆ. ಸ್ಪೈರಲ್ ಬೈಂಡಿಂಗು, ಮೇಲೊಂದು ಪ್ಲಾಸ್ಟಿಕ್ ಹಾಳೆ, ಒಳಗೆ ಬಣ್ಣಬಣ್ಣದ ಪೈ ಚಾರ್ಟು. ವಿಷಯ ಸಕ್ಕರೆ ಕಾಯಿಲೆ ಇರಬಹುದು, ಬಿ.ಪಿ. ಇರಬಹುದು, ರಕ್ತ ಕಡಿಮೆ ಇರುವ ಗರ್ಭಿಣಿಯರು ಇರಬಹುದು, ಕೊನೇ ಪುಟಕ್ಕೆ ಹೋದರೆ ಎಲ್ಲದರಲ್ಲೂ ಒಂದೇ ಸಾಲು. ಜನರಲ್ಲಿ ಅರಿವಿನ ಕೊರತೆ ಇದೆ, ಅರಿವು ಮೂಡಿಸುವ ಕಾರ್ಯಕ್ರಮ ಆಗಬೇಕು. ಮೊದಮೊದಲು ಆ ಸಾಲಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ‘ನಿಮಗೆ ಹೇಗೆ ಗೊತ್ತು?’ ಅಂತ ಬರೆಯುತ್ತಿದ್ದೆ. ಮಕ್ಕಳು ಮುಂದಿನ ಕಾಪಿಯಲ್ಲಿ ಆ ಸಾಲನ್ನು ತೆಗೆಯುತ್ತಿರಲಿಲ್ಲ. ಅದರ ಪಕ್ಕ ಒಂದು ರೆಫರೆನ್ಸ್ ಸೇರಿಸಿ ತರುತ್ತಿದ್ದರು.

ನಾನು ಸಮಾಜಶಾಸ್ತ್ರ ಓದಿದವಳು, ಕೆಲಸ ಮಾಡುವುದು ಆರೋಗ್ಯದ ಕಾಲೇಜಿನಲ್ಲಿ. ನರ್ಸಿಂಗ್ ಮೊದಲ ಸೆಮಿಸ್ಟರಿಗೆ ಅಪ್ಲೈಡ್ ಸೋಶಿಯಾಲಜಿ ಪಾಠ. ಪಕ್ಕದ ಕಮ್ಯುನಿಟಿ ಮೆಡಿಸಿನ್ ವಿಭಾಗದವರು ಹಳ್ಳಿಗೆ ಹೊರಟರೆ ಅವರ ಜೊತೆ ಜೀಪಿನಲ್ಲಿ ನಾನೂ. ಪಿ.ಜಿ. ಮಕ್ಕಳ ಪ್ರಶ್ನಾವಳಿ ಕನ್ನಡಕ್ಕೆ ತರಬೇಕಾದರೆ ಅದೂ ನನ್ನ ಹತ್ತಿರವೇ ಬರುತ್ತದೆ. ಪಿಎಚ್‌ಡಿ ಮುಗಿದು ಹೆಸರಿನ ಮುಂದೆ ಡಾ. ಅಂತ ಬಂದ ದಿನದಿಂದ ನಮ್ಮ ಬೀದಿಯವರು ಮಂಡಿ ನೋವಿಗೆ ಯಾವ ಮಾತ್ರೆ ಒಳ್ಳೇದು ಅಂತ ಕೇಳುತ್ತಾರೆ. ಕಾಲೇಜಿನ ಡಾಕ್ಟರುಗಳು ಮಾತ್ರ ನನ್ನನ್ನು ಮರೆತೂ ಡಾಕ್ಟರ್ ಅನ್ನುವುದಿಲ್ಲ, ‘ಮೇಡಂ’ ಅಷ್ಟೇ. ಬೇಜಾರೇನಿಲ್ಲ. ಇನ್ಸ್‌ಪೆಕ್ಷನ್ ದಿನ ನನ್ನ ಕುರ್ಚಿಗೂ ಹೊಸ ಟವೆಲ್ ಹಾಕುತ್ತಾರೆ, ನಮ್ಮಲ್ಲಿ ಸೋಶಿಯಾಲಜಿಗೂ ಫ್ಯಾಕಲ್ಟಿ ಇದ್ದಾರೆ ಅಂತ ತೋರಿಸಬೇಕಲ್ಲ.

ನನ್ನಂಥವರು ದೇಶದಲ್ಲಿ ಅಲ್ಲಲ್ಲಿ ಇದ್ದೇವೆ. ನಿಮ್ಹಾನ್ಸ್‌ನ ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗದಲ್ಲಿ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ, ತಿರುವನಂತಪುರದ ಅಚ್ಯುತ ಮೆನನ್ ಆರೋಗ್ಯ ವಿಜ್ಞಾನ ಅಧ್ಯಯನ ಕೇಂದ್ರದಲ್ಲಿ ಒಂದಿಷ್ಟು ಗಟ್ಟಿ ಜನ. ಅವರಿಗೆ ಅವರದೇ ಮನೆ ಇದೆ. ಮಿಕ್ಕವರು ನನ್ನ ಹಾಗೆ ಯಾರದೋ ಮನೆಯ ಪಡಸಾಲೆಯಲ್ಲಿ ಕೂತವರು. ನಮ್ಮನ್ನು ಒಳಗೆ ಕರೆಯುವುದು ಒಂದೇ ಕೆಲಸಕ್ಕೆ. ಜನ ಲಸಿಕೆ ಹಾಕಿಸಿಕೊಳ್ಳುತ್ತಿಲ್ಲ, ಮಾತ್ರೆ ನುಂಗುತ್ತಿಲ್ಲ, ಶೌಚಾಲಯ ಬಳಸುತ್ತಿಲ್ಲ, ‘ಮೇಡಂ, ನೀವು ಸೋಶಿಯಾಲಜಿಯವರು, ಸ್ವಲ್ಪ ಕನ್ವಿನ್ಸ್ ಮಾಡಿ.’ ಸಮಾಜಶಾಸ್ತ್ರ ಅಂದರೆ ನಯವಾಗಿ ಮಾತಾಡುವ ವಿದ್ಯೆ ಅಂತ ಅವರ ಲೆಕ್ಕ.

ಹೀಗೆ ಲೆಕ್ಕ ಹಾಕಲು ಒಂದು ಹಿನ್ನೆಲೆ ಇದೆ. ಅದು ಶುರುವಾಗಿದ್ದು ಟಿ.ಬಿ.ಯಿಂದ.

1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ ಎದೆಯ ಎಕ್ಸ್‌ರೇ ತೆಗೆಯುವ ವ್ಯಾನುಗಳನ್ನು ಊರೂರಿಗೆ ಕಳಿಸುತ್ತಿತ್ತು. ಪುಕ್ಕಟೆ ಪರೀಕ್ಷೆ, ಮನೆ ಹತ್ತಿರವೇ. ಆದರೂ ಅಂದುಕೊಂಡಷ್ಟು ಜನ ಬರುತ್ತಿರಲಿಲ್ಲ. ಯಾಕೆ ಅಂತ ನೋಡಲು ಇಲಾಖೆ ಕೆಲವು ಸಾಮಾಜಿಕ ಮನಃಶಾಸ್ತ್ರಜ್ಞರನ್ನು ಇಟ್ಟುಕೊಂಡಿತ್ತು. ಅವರಲ್ಲಿ ಗಾಡ್‌ಫ್ರೀ ಹೊಕ್‌ಬಾಮ್ ಅನ್ನುವವರು ಬಾಸ್ಟನ್, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್ ನಗರಗಳಲ್ಲಿ ಸಾವಿರಕ್ಕೂ ಜಾಸ್ತಿ ಜನರನ್ನು ಮಾತಾಡಿಸಿದರು. ನನಗೂ ಈ ರೋಗ ಬರಬಹುದು, ಮೊದಲೇ ಗೊತ್ತಾದರೆ ಒಳ್ಳೇದು, ಈ ಎರಡನ್ನೂ ನಂಬಿದವರಲ್ಲಿ ನೂರಕ್ಕೆ 82 ಜನ ತಾವಾಗಿಯೇ ಎಕ್ಸ್‌ರೇ ತೆಗೆಸಿದ್ದರು. ಎರಡನ್ನೂ ನಂಬದವರಲ್ಲಿ 21. ಆ ಕೆಲಸದ ಸುತ್ತ ಬೆಳೆದದ್ದೇ ಹೆಲ್ತ್ ಬಿಲೀಫ್ ಮಾಡೆಲ್, ಆರೋಗ್ಯದ ವಿಷಯದಲ್ಲಿ ಜನ ಏನು ಮಾಡುತ್ತಾರೆ ಅನ್ನುವುದನ್ನು ಅವರ ನಂಬಿಕೆಯಿಂದ ವಿವರಿಸುವ ಸೂತ್ರ. ಇವತ್ತಿಗೂ ಆರೋಗ್ಯ ಶಿಕ್ಷಣದ ಯಾವ ಪರೀಕ್ಷೆಗೆ ಕೂತರೂ ಅದು ಎದುರಾಗಬಹುದು. ನಮ್ಮ ಮಕ್ಕಳು ಪರ್ಸೀವ್ಡ್ ಸಸೆಪ್ಟಬಿಲಿಟಿ (ನನಗೂ ಬರಬಹುದು ಅನ್ನುವ ನಂಬಿಕೆ), ಪರ್ಸೀವ್ಡ್ ಸಿವೆರಿಟಿ (ಬಂದರೆ ಕಷ್ಟ ಅನ್ನುವ ನಂಬಿಕೆ) ಅಂತ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಬಾಣದ ಗುರುತು ಹಾಕಿ ಚಿತ್ರವನ್ನೂ ಬರೆಯುತ್ತಾರೆ.

ಮಾಡೆಲ್ ತಪ್ಪು ಅಂತ ನಾನು ಹೇಳುತ್ತಿಲ್ಲ. ನಾನೇ ಥೈರಾಯ್ಡ್ ಟೆಸ್ಟನ್ನು ಎಂಟು ತಿಂಗಳು ಮುಂದಕ್ಕೆ ಹಾಕಿದವಳು, ಲ್ಯಾಬ್ ಇರುವುದು ನನ್ನ ಕ್ಲಾಸಿನ ಕೆಳಗಿನ ಮಹಡಿಯಲ್ಲಿ. ನಂಬಿಕೆ, ಭಯ, ಆಮೇಲೆ ನೋಡೋಣ ಅನ್ನುವ ಸೋಮಾರಿತನ ಎಲ್ಲವೂ ನಿಜ. ನನ್ನ ತಕರಾರು ಶುರುವಾಗುವುದು ಪ್ರಶ್ನೆಯಲ್ಲೇ. ‘ಜನ ಯಾಕೆ ಬರುತ್ತಿಲ್ಲ’ ಅಂತ ಕೇಳಿದ ತಕ್ಷಣ, ಜನ ಬರುತ್ತಿಲ್ಲ ಅಂತ ಒಪ್ಪಿಕೊಂಡ ಹಾಗಾಯಿತು ಅಲ್ವಾ?

ಹೆಚ್ಚು ಕಡಿಮೆ ಅದೇ ಕಾಲದಲ್ಲಿ, ಅದೇ ರೋಗದ ಬಗ್ಗೆ, ಇನ್ನೊಂದು ರೀತಿಯಲ್ಲಿ ಪ್ರಶ್ನೆ ಕೇಳಿದವರು ಇದ್ದರು. ಅದೂ ನಮ್ಮ ತುಮಕೂರು ಜಿಲ್ಲೆಯಲ್ಲಿ. ನಾನು ಇಲ್ಲೇ ಹುಟ್ಟಿ ಬೆಳೆದವಳು. ಎಂ.ಎ. ಮುಗಿಯುವವರೆಗೆ ಒಬ್ಬ ಮೇಷ್ಟ್ರೂ ಈ ವಿಷಯ ಹೇಳಿರಲಿಲ್ಲ, ಪಿಎಚ್‌ಡಿಗೆ ಅಂತ ಹಳೇ ಪ್ರಬಂಧಗಳನ್ನು ಕೆದಕುವಾಗ ನಮ್ಮ ಜಿಲ್ಲೆಯ ಹೆಸರು ಕಂಡು ಕಣ್ಣರಳಿತು.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಅವಲಾನ್ ಅಂತ ಒಂದು ಹಳೇ ಬಂಗಲೆ ಇದೆ. 1959ರಲ್ಲಿ ಅಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ದೇಶಕ್ಕೆಲ್ಲ ಒಂದು ಟಿ.ಬಿ. ಕಾರ್ಯಕ್ರಮ ಹಾಕಿಕೊಡುವುದು ಅದರ ಕೆಲಸ. ಕ್ಷಯ ರೋಗಿಗಳಿಗೆ ಸ್ಯಾನಟೋರಿಯಂ ಆಸ್ಪತ್ರೆ ಕಟ್ಟುತ್ತಾ ಹೋದರೆ ಯಾವ ಕಾಲಕ್ಕೂ ಮುಗಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಹಳ್ಳಿಯಲ್ಲಿರುವ ರೋಗಿಯನ್ನು ಹುಡುಕುವುದು ಹೇಗೆ? ಹಳ್ಳಿಯವರಿಗೆ ಕೆಮ್ಮೆಂದರೆ ಲೆಕ್ಕಕ್ಕಿಲ್ಲ, ಅವರಾಗಿ ಬರುವುದಿಲ್ಲ, ನಾವೇ ವ್ಯಾನು ತಗೊಂಡು ಹೋಗಬೇಕು ಅನ್ನುವುದು ಸುಲಭವಾಗಿ ಬರುವ ಉತ್ತರ. 1960, 61ರಲ್ಲಿ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ಎಕ್ಸ್‌ರೇ ತೆಗೆದು ಕಫ ಪರೀಕ್ಷೆ ಮಾಡಿ ಸಮೀಕ್ಷೆ ನಡೆಸಿದರು. ಅದರ ಬೆನ್ನಿಗೇ ಇನ್ನೊಂದು ಅಧ್ಯಯನ. ದೇಬಬರ್ ಬ್ಯಾನರ್ಜಿ ಅಂತ ಒಬ್ಬರು, ವೈದ್ಯರು, ಮಾನವಶಾಸ್ತ್ರವನ್ನೂ ಓದಿದವರು. ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಬಂದಿದ್ದ ಸ್ಟಿಗ್ ಆಂಡರ್ಸನ್. ಎಕ್ಸ್‌ರೇಯಲ್ಲಿ ನೆರಳು ಕಂಡವರನ್ನು ಇವರ ತಂಡ ಮಾತಾಡಿಸಿತು. ಟಿ.ಬಿ. ಹೇಗೆ ಹರಡುತ್ತದೆ ಗೊತ್ತಾ ಅಂತ ಪರೀಕ್ಷೆ ಮಾಡಲಿಲ್ಲ. ಏನಾದರೂ ತೊಂದರೆ ಇದೆಯಾ, ಅದರಿಂದ ಚಿಂತೆ ಆಗಿದೆಯಾ, ಅದಕ್ಕೆ ಏನು ಮಾಡಿದಿರಿ, ಈ ದಾರಿಯಲ್ಲಿ ಹೋದರು.

ಹೆಚ್ಚಿನವರಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಿತ್ತು. ಎಷ್ಟೋ ಜನ ಅದಕ್ಕಾಗಿ ಚಿಂತೆ ಮಾಡುತ್ತಿದ್ದರು. ಅರ್ಧಕ್ಕಿಂತ ಜಾಸ್ತಿ ಜನ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು, ಆಸ್ಪತ್ರೆಗೇ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿ.

ಇದು 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾಯಿತು. ಒಂದು ಸಲ ಯೋಚಿಸಿ. ರೋಗಿ ನಡೆದುಕೊಂಡು ಬಂದಿದ್ದಾನೆ, ಸಾಲಿನಲ್ಲಿ ನಿಂತಿದ್ದಾನೆ, ನಾವು ಅವನ ಕೈಗೆ ಒಂದು ಬಾಟ್ಲಿ ಕೊಟ್ಟು ಕಳಿಸಿದ್ದೇವೆ, ಆಮೇಲೆ ಅವನು ಬರುವುದೇ ಇಲ್ಲ ಅಂತ ವ್ಯಾನು ತಗೊಂಡು ಹುಡುಕಲು ಹೊರಟಿದ್ದೇವೆ. ಪ್ರಬಂಧ ಅಚ್ಚಾಗುವ ಮೊದಲೇ, 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ಮಾತಿಗೆ ಕಿವಿಗೊಟ್ಟಿತು. ಕೆಮ್ಮು ಅಂತ ಮಾಮೂಲಿ ಆಸ್ಪತ್ರೆಗೆ ಬಂದವರ ಕಫವನ್ನು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಲ್ಲೇ ಮಾತ್ರೆ ಕೊಡುವುದು. ಕಾಗದದ ಮೇಲಾದರೂ ಅಷ್ಟು ಸರಳ. ಬ್ಯಾನರ್ಜಿ ಮುಂದೆ ದೆಹಲಿಯ ಜೆಎನ್‌ಯುಗೆ ಹೋಗಿ ಸಾಮಾಜಿಕ ವೈದ್ಯಶಾಸ್ತ್ರದ ಕೇಂದ್ರ ಕಟ್ಟಿದರು. ನಮ್ಮ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಕತೆ ಹೇಳುತ್ತೇನೆ. ಕೇಳುವವರು ಸಾಮಾನ್ಯವಾಗಿ ಎರಡನೇ ವಾಕ್ಯಕ್ಕೆ ಮೊಬೈಲ್ ನೋಡುತ್ತಾರೆ, ಅದು ಬೇರೆ ಮಾತು.

ಹಾಗಂತ ಜನರನ್ನು ಕೇಳುವುದು ಸುಲಭ ಅಂದುಕೊಳ್ಳಬೇಡಿ. ಪ್ರಶ್ನಾವಳಿ ಬರುವುದು ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ ತರಬೇಕು, ಬೇರೆಯವರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು, ಎರಡೂ ತಾಳೆಯಾಗಬೇಕು. ಎಲ್ಲರಿಗೂ ಇರುವ ಸುಲಭದ ದಾರಿ ಶಬ್ದಕೋಶ. ‘ಕಳೆದ ಎರಡು ವಾರಗಳಲ್ಲಿ ತಮಗೆ ಖಿನ್ನತೆಯ ಅನುಭವ ಉಂಟಾಗಿದೆಯೇ?’ ಗುಬ್ಬಿ ಕಡೆಯ ಒಬ್ಬ ಅಜ್ಜಿ ಇದನ್ನು ಪೂರ್ತಿ ಕೇಳಿಸಿಕೊಂಡು, ‘ಅದು ನಮ್ಮೂರಗೆ ಬಂದಿಲ್ಲ ಕಣವ್ವ, ಚಿಕುನ್‌ಗುನ್ಯಾ ಬಂದಿತ್ತು’ ಅಂದರು. ಹೋಗಲಿ ಸುಲಭದ ಮಾತು ಹಾಕೋಣ ಅಂದರೆ ‘ಬೇಜಾರು’ ಇದೆ. ಆದರೆ ಬೇಜಾರು ಅನ್ನುವುದು ದೊಡ್ಡ ಸಂತೆ. ಬಸ್ಸು ಬರದಿದ್ದರೂ ಬೇಜಾರು, ಮಗ ಫೋನ್ ಮಾಡದಿದ್ದರೂ ಬೇಜಾರು, ಗಂಡ ಸತ್ತರೂ ಬೇಜಾರು, ‘ನನ್ ಮೇಲೆ ಬೇಜಾರಾ?’ ಅಂತ ಕೇಳಿದರೆ ಅಲ್ಲಿ ಅರ್ಥ ಕೋಪ. ಅದನ್ನು ಹಾಕಿದರೆ ಊರಿಗೆ ಊರೇ ಖಿನ್ನತೆಯಲ್ಲಿದೆ ಅಂತ ಪೈ ಚಾರ್ಟ್ ಬರುತ್ತದೆ. ಜನ ನಿಜವಾಗಿ ಹೇಳುವುದು ಯಾವುದರ ಮೇಲೂ ಮನಸ್ಸಿಲ್ಲ, ಎದೆ ಭಾರ, ಊಟ ಸೇರಲ್ಲ, ಸುಸ್ತು. ಇವನ್ನು ಹಾಕಿದರೆ ಗೈಡು ಒಪ್ಪುವುದಿಲ್ಲ, ಒರಿಜಿನಲ್‌ನಲ್ಲಿ ಒಂದೇ ಪದ ಇದೆಯಲ್ಲ ಮೇಡಂ ಅನ್ನುತ್ತಾರೆ.

ಆಮೇಲೆ ಆ ಐದು ಮೆಟ್ಟಿಲು. ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸಂಪೂರ್ಣ ಒಪ್ಪುವುದಿಲ್ಲ. ಮನೆಗೆ ಬಂದ ಹುಡುಗಿ ಬಿಸಿಲಲ್ಲಿ ನಿಂತು ಕೇಳುತ್ತಿದ್ದಾಳೆ ಅಂದರೆ ನಮ್ಮ ಜನ ‘ಸಂಪೂರ್ಣ ಒಪ್ಪುವುದಿಲ್ಲ’ ಅನ್ನುತ್ತಾರಾ? ನೀನೇನ್ ಹಾಕ್ಕಂತೀಯೋ ಹಾಕ್ಕವ್ವ, ಮಜ್ಜಿಗೆ ಕುಡೀತೀಯಾ, ಅನ್ನುತ್ತಾರೆ.

ಇಲ್ಲೇ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮೆಡಿಕಲ್ ಪಿ.ಜಿ.ಗಳು ಪ್ರತಿ ಪ್ರಬಂಧದಲ್ಲೂ ಕುಪ್ಪುಸ್ವಾಮಿ ಸ್ಕೇಲ್ ಹಾಕಿ ಮನೆಯವರನ್ನು ಮೇಲಿನ ವರ್ಗ, ಮಧ್ಯಮ, ಕೆಳಗಿನ ವರ್ಗ ಅಂತ ವಿಂಗಡಿಸುತ್ತಾರೆ. ಆ ಕುಪ್ಪುಸ್ವಾಮಿ ಯಾರೋ ಹಳೇ ಕಾಲದ ಡಾಕ್ಟರು ಅಂತ ಅವರು ತಿಳಿದಿದ್ದಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಆಗಿದ್ದವರು ಅವರು. ಅದೇ ವಿಭಾಗದಲ್ಲಿ ಅವರಿಗಿಂತ ಮೊದಲು ಇದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಅನ್ನುವ ಹೆಸರಿನ ಬಾನುಲಿ ಕೇಂದ್ರ ನಡೆಸಿದವರು. ಮನಸ್ಸಿನ ಮೇಷ್ಟ್ರುಗಳು ನಮ್ಮಲ್ಲಿ ಹೀಗೂ ಇದ್ದರು ಅಂತ ಖುಷಿಯಾಗುತ್ತದೆ. ಸ್ಕೇಲನ್ನು ಪೇಟೆಯ ಮನೆಗಳಿಗೆ ಅಂತ ಮಾಡಿದ್ದು, ನಮ್ಮ ಮಕ್ಕಳು ಅದನ್ನು ತೆಂಗಿನ ತೋಟದ ಮನೆಗೂ ಹಾಕುತ್ತಾರೆ, ಅದಕ್ಕೆ ಅವರೇನು ಮಾಡಬೇಕು.

ಎಂಬಿಬಿಎಸ್ ಮಕ್ಕಳೂ ಈಗ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ‘ದತ್ತು’ ತಗೊಂಡು ಆಗಾಗ ಹೋಗಿ ನೋಡಬೇಕು ಅಂತ ನಿಯಮ ಬಂದಿದೆ. ಒಳ್ಳೇ ನಿಯಮ ಅಂತಲೇ ನನ್ನ ಅನಿಸಿಕೆ. ಆದರೆ ಮೊದಲ ದಿನ ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, ‘ಮಕ್ಳಿಲ್ದೋರು ದತ್ತು ತಗೊಳದು ಗೊತ್ತು ಮೇಡಮ್ಮಾರೇ, ಇವೇ ಇನ್ನೂ ಮಕ್ಳು, ನಮ್ಮನ್ಯಾಕೆ ದತ್ತು ತಗಂತವೆ?’ ಅಂತ ಕೇಳಿದರು.

ಈಗ ಒಂದು ದಿನದ ವಿಷಯ.

ಮೂರನೇ ವರ್ಷದ ನರ್ಸಿಂಗ್ ಹುಡುಗಿಯರಿಬ್ಬರು. ಒಬ್ಬಳು ಹೊಸದುರ್ಗದ ಕಡೆಯವಳು, ಇನ್ನೊಬ್ಬಳು ಕೇರಳದವಳು. ಎರಡನೆಯವಳಿಗೆ ಕನ್ನಡ ಅಂದರೆ ‘ಊಟ ಆಯ್ತಾ’ ಮತ್ತು ‘ಇಂಜೆಕ್ಷನ್ ನೋವಾಗಲ್ಲ’, ಅಷ್ಟೇ. ಟಿ.ಬಿ. ಮಾತ್ರೆ ನಡುವೆ ನಿಲ್ಲಿಸಿದವರ ಮನೆಗಳಿಗೆ ಹೋಗಿ ಫಾರಂ ತುಂಬುವುದು ಕೆಲಸ. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಒಂದು ಮನೆಯ ಫಾರಂ ಮುಗಿದೇ ಹೋಗಿತ್ತು. ಮಾತ್ರೆ ನಿಲ್ಲಿಸಲು ಕಾರಣ ಅನ್ನುವ ಕಾಲಮ್ಮಿನಲ್ಲಿ ನಾಲ್ಕು ಆಯ್ಕೆ. ಒಂದು, ಅರಿವಿನ ಕೊರತೆ. ಎರಡು, ಅಡ್ಡಪರಿಣಾಮ. ಮೂರು, ದೂರ. ನಾಲ್ಕು, ಇತರೆ. ಒಂದಕ್ಕೆ ಸುತ್ತು ಬಿದ್ದಿತ್ತು.

‘ಯಾಕೆ ಒಂದು?’ ಅಂದೆ.

‘ಅವರೇ ಹೇಳಿದ್ರು ಮೇಡಂ. ಗೊತ್ತಾಗ್ಲಿಲ್ಲ ಅಂದ್ರು.’

ಇದನ್ನು ನಾನು ಎಷ್ಟು ಸಲ ಕೇಳಿದ್ದೇನೋ. ನಮ್ಮ ಕಡೆ ಫೈಲು ಹಿಡಿದವರ ಮುಂದೆ, ಬಿಳಿ ಕೋಟು ಹಾಕಿದವರ ಮುಂದೆ ‘ಗೊತ್ತಾಗ್ಲಿಲ್ಲ ಬಿಡಿ’ ಅಂದರೆ ಅದು ಜ್ಞಾನದ ಲೆಕ್ಕವೇ ಅಲ್ಲ. ತಪ್ಪಾಯಿತು, ಇಲ್ಲಿಗೆ ಸಾಕು, ಇನ್ನು ನೀವು ಹೊರಡಿ ಅಂತ ಅರ್ಥ. ಬ್ಯಾಂಕಿನಲ್ಲಿ ಹೆಬ್ಬೆಟ್ಟಿನ ಗುರುತು ಸರಿಯಾಗಿ ಬೀಳದಿದ್ದಾಗ ನಮ್ಮಪ್ಪನೂ ಹಾಗೇ ಅನ್ನುತ್ತಿದ್ದರು. ಮನೆಯಲ್ಲಿ ಅಮ್ಮ ಬೈಯುವಾಗ ನಾನೂ ಅಂದಿದ್ದೇನೆ. ಅದನ್ನು ಫಾರಂ ಎಷ್ಟು ನಂಬಿಕೆಯಿಂದ ತಗೊಂಡು ಒಂದನೇ ನಂಬರಿಗೆ ಹಾಕುತ್ತದೆ ನೋಡಿ.

ಕೇರಳದ ಹುಡುಗಿ ನನ್ನ ಕೈ ಮುಟ್ಟಿ ಕಿಟಕಿ ಕಡೆ ತೋರಿಸಿದಳು. ಮಾತು ಅರ್ಥವಾಗದೆ ಅವಳು ಅಷ್ಟು ಹೊತ್ತೂ ಮನೆಯನ್ನೇ ನೋಡುತ್ತಾ ನಿಂತಿದ್ದಳು. ಕಿಟಕಿಯ ಕಟ್ಟೆ ಮೇಲೆ ಐದು ಬಾಟ್ಲಿ, ಒಂದೇ ಅಳತೆ, ಲೇಬಲ್ಲು ಅರ್ಧ ಕಿತ್ತಿವೆ. ಒಂದರಲ್ಲಿ ಹರಳೆಣ್ಣೆ. ಒಂದರಲ್ಲಿ ಸೀಮೆಎಣ್ಣೆ, ಬಾಯಿಗೆ ಬಟ್ಟೆ ತುರುಕಿದ್ದರು. ಎಲ್ಲವೂ ಕೆಮ್ಮಿನ ಔಷಧಿಯ ಬಾಟ್ಲಿಗಳು. ಟಿ.ಬಿ. ಅಂತ ಗೊತ್ತಾಗುವ ಮುಂಚೆ ಆತ ಎಲ್ಲೆಲ್ಲಿಗೋ ಐದು ಸಲ ತೋರಿಸಿಕೊಳ್ಳಲು ಹೋಗಿದ್ದ ಲೆಕ್ಕ ಆ ಕಟ್ಟೆ ಮೇಲಿತ್ತು. ನನಗೆ ಅಲ್ಲೇ ಅವಲಾನ್ ಬಂಗಲೆ ನೆನಪಾಯಿತು. ಅರವತ್ತು ವರ್ಷ ಆಗಿ ಹೋಗಿದೆ.

ಪೆನ್ನು ಜೇಬಿಗೆ ಹಾಕಿ, ಫಾರಂ ಬ್ಯಾಗಿಗೆ ಹಾಕಿ, ಜಗಲಿ ಮೇಲೆ ಕೂತೆವು. ತೆಂಗಿನಕಾಯಿ ಸುಲಿಯುವ ಕೆಲಸದವರು ಆತ. ಐದು ಜನರ ತಂಡ, ಒಬ್ಬ ಮೇಸ್ತ್ರಿ. ಒಂದೊಂದು ತೋಟದಲ್ಲಿ ವಾರ, ಹತ್ತು ದಿನ ಅಲ್ಲೇ ಶೆಡ್ಡಿನಲ್ಲಿ ವಾಸ. ಮೊದಲು ಕಾಯಿ ರೇಟಿನ ಬಗ್ಗೆ ಮಾತಾಡಿದೆವು. ತಿಪಟೂರಿನ ಕೊಬ್ಬರಿ ರೇಟು, ಕೆಂಪು ಮೂತಿ ಹುಳದ ಕಾಟ, ಸುಲಿಯುವ ಕಂಬಿಗೆ ಕೈ ಕೊಯ್ದುಕೊಂಡಿದ್ದು. ಮಾತ್ರೆ ವಿಷಯಕ್ಕೆ ನಾವು ಬರಲಿಲ್ಲ, ಅವರೇ ಬಂದರು.

‘ಆರ್ ತಿಂಗ್ಳು ಬಿಡಂಗಿಲ್ಲ ಅಂತ ಗೊತ್ತವ್ವ. ನಡ್ವೆ ಬಿಟ್ರೆ ಆಮೇಲೆ ಈ ಮಾತ್ರೆಗೆ ಬಗ್ಗಲ್ಲ ಅಂತ್ಲೂ ಹೇಳವ್ರೆ. ಒಂದಕ್ಕೆ ಹೋದ್ರೆ ಕೆಂಪಗೆ ಬರುತ್ತೆ, ಅದು ಮಾತ್ರೆ ಬಣ್ಣ, ಹೆದ್ರಬೇಡ ಅಂತ ಆಶಾ ಹೇಳಿದ್ರು. ನಾನ್ ಹೆದ್ರಲಿಲ್ಲ. ಜೊತೇಲಿರೋರು ನೋಡಿದ್ರಲ್ಲ. ಏನ್ಲಾ ಇದು, ರಕ್ತನಾ ಅಂದ್ರು.’

ಮೇಸ್ತ್ರಿಗೆ ಗೊತ್ತಾದರೆ ತಂಡದಿಂದ ಬಿಡಿಸುತ್ತಾನೆ. ಅದಕ್ಕೆ ತೋಟಕ್ಕೆ ಹೋದಾಗ ಮಾತ್ರೆ ಮನೆಯಲ್ಲೇ ಬಿಡುವುದು, ಬಂದ ಮೇಲೆ ನುಂಗುವುದು. ಎರಡು ಸಲ ಹೀಗಾಯಿತು. ಮೂರನೇ ಸಲ ಆಶಾ ಎದುರಿಗೆ ಹೋಗಲು ನಾಚಿಕೆಯಾಗಿ ಪೂರ್ತಿ ನಿಂತಿತು. ಸರ್ಕಾರ ಕೊಡುವ ತಿಂಗಳ ದುಡ್ಡಿನ ಬಗ್ಗೆ ಕೇಳಿದೆ. ನಿಕ್ಷಯ್ ಪೋಷಣ್ ಅಂತ 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ ಸಾವಿರ ಆಗಿದೆ. ‘ಬರುತ್ತೆ ಕಣವ್ವ, ಎರಡು ದಿನ ಕಾಯಿ ಸುಲುದ್ರೆ ಬರೋಷ್ಟು. ಮಿಕ್ಕಿದ್ ದಿನಕ್ಕೆ?’

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರೂ ಕೇಳದೆ ಇನ್ನೊಂದು ಮಾತು ಹೇಳಿದರು. ‘ಶೆಡ್ಡಗೆ ಅವ್ರ ಜೊತೆ ಮಲಗ್ತಿರ್ಲಿಲ್ಲ. ಸೆಕೆ ಅಂತ ಹೇಳಿ ಆಚೆ ಮಲಗ್ತಿದ್ದೆ. ಅವ್ರಿಗೆ ಅಂಟಬಾರ್ದಲ್ಲ.’

ಅದು ಚಳಿಗಾಲ.

ಹೊಸದುರ್ಗದ ಹುಡುಗಿ ಫಾರಂ ವಾಪಸ್ ತೆಗೆದಳು. ವೈಟ್‌ನರ್ ಇರಲಿಲ್ಲ, ಒಂದನ್ನು ಹೊಡೆದು ಹಾಕಿದಳು. ನಾಲ್ಕಕ್ಕೆ ಸುತ್ತು ಹಾಕಿ ‘ಇತರೆ’ ಮುಂದಿನ ಗೆರೆ ನೋಡಿ, ‘ಮೇಡಂ, ಇಲ್ಲಿ ಇಷ್ಟೆಲ್ಲ ಬರೆಯಕ್ಕೆ ಜಾಗ ಇಲ್ಲ’ ಅಂದಳು. ಹಾಳೆ ತಿರುಗಿಸು ಅಂದೆ. ಇಬ್ಬರೂ ಸೇರಿ ಹಿಂದಿನ ಪುಟ ಪೂರ್ತಿ ಬರೆದರು. ಒಬ್ಬಳು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಒದಗಿಸುವುದು, ಇನ್ನೊಬ್ಬಳು ಮಲಯಾಳಿ ಅಕ್ಷರದ ಹಾಗೆ ದುಂಡಗಿರುವ ತನ್ನ ಇಂಗ್ಲಿಷಿನಲ್ಲಿ ಬರೆಯುವುದು. ಐದು ಬಾಟ್ಲಿಯನ್ನೂ ಬರೆದಳು, ಹರಳೆಣ್ಣೆ ಸಮೇತ. ದಾರಿಯಲ್ಲಿ ಆರೋಗ್ಯ ಕೇಂದ್ರದಲ್ಲಿ ಇಳಿದು, ಆತ ತೋಟಕ್ಕೆ ಹೋಗುವಾಗ ಅಷ್ಟು ದಿನದ ಮಾತ್ರೆ ಒಟ್ಟಿಗೆ ಕೊಡಲು ಆಗುತ್ತಾ ಅಂತ ಕೇಳಿದೆವು. ಆಗುತ್ತೆ, ನಮ್ಮ ಹತ್ರ ಕೇಳಲೇ ಇಲ್ಲವಲ್ಲ ಅವರು, ಅಂದರು. ಮೇಸ್ತ್ರಿಯ ವಿಷಯಕ್ಕೆ ಯಾರ ಹತ್ತಿರವೂ ಮಾತ್ರೆ ಇರಲಿಲ್ಲ.

ತಿಂಗಳಾದ ಮೇಲೆ ರಿಪೋರ್ಟ್ ಬಂತು. ಮೂರು ಕಾಪಿ, ಸ್ಪೈರಲ್ ಬೈಂಡಿಂಗು. ಪೈ ಚಾರ್ಟಿನಲ್ಲಿ ‘ಇತರೆ’ಗೆ ಒಂದು ತೆಳ್ಳನೆ ಹಳದಿ ತುಂಡು. ಅನುಬಂಧಕ್ಕೆ ಹೋಗಿ ಆ ಫಾರಂ ಹುಡುಕಿದೆ. ಇತ್ತು, ಹೊಡೆದು ಹಾಕಿದ ಒಂದು, ಸುತ್ತು ಹಾಕಿದ ನಾಲ್ಕು. ಪುಟ ತಿರುಗಿಸಿದರೆ ಖಾಲಿ. ಮೂರು ಕಾಪಿಯಲ್ಲೂ ಖಾಲಿ. ಮೂಲ ಹಾಳೆಗಳನ್ನು ಹುಡುಗಿಯರು ಅಂಗಡಿಯಲ್ಲೇ ಬಿಟ್ಟು ಬಂದಿದ್ದರು.

ಸಂಜೆ ಬಸ್ ಸ್ಟ್ಯಾಂಡ್ ಪಕ್ಕದ ಆ ಝೆರಾಕ್ಸ್ ಅಂಗಡಿಗೆ ನಾನೇ ಹೋದೆ. ಹುಡುಗ ಮೂಲೆಯ ರಟ್ಟಿನ ಡಬ್ಬದಲ್ಲಿ ಕೈ ಹಾಕಿ, ಮದುವೆ ಕಾರ್ಡು, ಪಹಣಿ, ಆಧಾರ್ ಕಾಪಿಗಳ ನಡುವೆ ತಡಕಾಡುತ್ತಾ, ‘ಡಬಲ್ ಸೈಡ್ ಅಂತ ಮೊದ್ಲೇ ಹೇಳ್ಬೇಕಿತ್ತು ಮೇಡಂ,’ ಅಂದ. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದ.

‘ಗೊತ್ತಾಗ್ಲಿಲ್ಲ ಬಿಡಿ.’